ನ್ಯೂಯಾರ್ಕ್ ಕೌಂಟಿಯಲ್ಲಿ ‘ಡಿಸಾರ್ಡರ್ಲಿ ಕಂಡಕ್ಟ್’ ಮೊಕದ್ದಮೆಗಳ ಇತ್ಯರ್ಥ: ವಿಚಾರಣೆ ಕಾಣದ ತೀರ್ಮಾನಗಳು

ನ್ಯೂಯಾರ್ಕ್ ರಾಜ್ಯದ ದಂಡಸಂಹಿತೆಯ 240.20ನೆಯ ಕಲಂ ‘ಡಿಸಾರ್ಡರ್ಲಿ ಕಂಡಕ್ಟ್’ ಎಂಬ ತಪ್ಪನ್ನು ಏಳು ಬಗೆಯಾಗಿ ವಿವರಿಸುತ್ತದೆ. ಹೊಡೆದಾಟ ಅಥವಾ ಬೆದರಿಸುವ ನಡವಳಿಕೆ, ಮಿತಿಮೀರಿದ ಗದ್ದಲ, ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತು, ಸಭೆಗೆ ಅಡ್ಡಿ, ಜನರ ಅಥವಾ ವಾಹನಗಳ ಓಡಾಟಕ್ಕೆ ತಡೆ, ಚದುರಿರೆಂಬ ಪೊಲೀಸರ ಕಾನೂನುಬದ್ಧ ಆದೇಶಕ್ಕೆ ಮಣಿಯದೆ ಗುಂಪಿನಲ್ಲೇ ನಿಲ್ಲುವುದು, ಯಾವ ನ್ಯಾಯವಾದ ಕಾರಣವೂ ಇಲ್ಲದೆ ಅಪಾಯ ಅಥವಾ ಅಸಹ್ಯ ಉಂಟುಮಾಡುವುದು. ಇವುಗಳಲ್ಲಿ ಒಂದನ್ನು ಮಾಡಿದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ಸಾರ್ವಜನಿಕರಿಗೆ ತೊಂದರೆ, ಕಿರಿಕಿರಿ ಅಥವಾ ಗಾಬರಿ ಮಾಡುವ ಉದ್ದೇಶ ಇರಬೇಕು. ಇಲ್ಲವೇ ಅಂಥ ಸಂಭವವನ್ನು ಲೆಕ್ಕಿಸದೆ ನಡೆದುಕೊಂಡಿರಬೇಕು. ಶಿಕ್ಷೆ ಹೆಚ್ಚೆಂದರೆ 15 ದಿನಗಳ ಸೆರೆ, 250 ಡಾಲರ್ ದಂಡ. ಆ ರಾಜ್ಯದ ಕಾನೂನಿನಲ್ಲಿ ‘ಕ್ರೈಮ್’ ಎನಿಸಿಕೊಳ್ಳುವುದು ಫೆಲನಿ ಮತ್ತು ಮಿಸ್‌ಡಿಮೀನರ್ ಮಾತ್ರ. ಡಿಸಾರ್ಡರ್ಲಿ ಕಂಡಕ್ಟ್ ಅವೆರಡಕ್ಕೂ ಕೆಳಗಿನ ‘ವಯಲೇಷನ್’.

ಮ್ಯಾನ್‌ಹಟನ್ ಬರೋ ಕಾನೂನಿನ ಲೆಕ್ಕದಲ್ಲಿ ನ್ಯೂಯಾರ್ಕ್ ಕೌಂಟಿ. ಅಲ್ಲಿನ ವಕೀಲರು ಈ ಕಲಮನ್ನು ‘ಡಿಸ್‌ಕಾನ್’ ಎಂದು ಕರೆಯುತ್ತಾರೆ. ಅಪರಾಧವಲ್ಲದ ತಪ್ಪು ಎಂಬ ಗುಣವೇ ಇದನ್ನು ಅಲ್ಲಿನ ಕೋರ್ಟುಗಳ ದಿನನಿತ್ಯದ ಸಾಧನವನ್ನಾಗಿ ಮಾಡಿದೆ. ಅಂಗಡಿಯಲ್ಲಿ ಬಟ್ಟೆ ಕದ್ದರೆಂದೋ, ಬಾರಿನ ಎದುರು ಯಾರನ್ನೋ ತಳ್ಳಿದರೆಂದೋ ಹಿಡಿದು ತಂದವರ ಮೊಕದ್ದಮೆಗಳೂ ಎಷ್ಟೋ ಸಲ ಡಿಸ್‌ಕಾನ್ ತಪ್ಪೊಪ್ಪಿಗೆಯಲ್ಲಿ ಮುಗಿಯುತ್ತವೆ. ಆರೋಪಿ ನಿಜಕ್ಕೂ ಏನು ಮಾಡಿದ ಎನ್ನುವುದಕ್ಕೂ ಕೊನೆಗೆ ದಾಖಲಾಗುವ ಕಲಮಿಗೂ ಅಲ್ಲಿ ಸಂಬಂಧ ಇರಬೇಕಾಗಿಲ್ಲ. ಈ ಏರ್ಪಾಡು ಸಾವಿರಾರು ಜನರನ್ನು ಅಪರಾಧಿ ಎಂಬ ಹಣೆಪಟ್ಟಿಯಿಂದ ಉಳಿಸಿದೆ ಎಂಬುದು ಸತ್ಯ. ಆದರೆ ಆ ಉಳಿತಾಯದ ಬೆಲೆಯಾಗಿ ಬಂಧನ ಸರಿಯಿತ್ತೇ ಎಂಬ ಪ್ರಶ್ನೆ ಕೇಳುವ ಅವಕಾಶವೇ ಕೈತಪ್ಪಿ ಹೋಗುತ್ತಿದೆ. ಇದು ಈ ಲೇಖನದ ವಾದ.

ಮೊದಲ ಹಾಜರಾತಿಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಬಂಧಿತರನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ಸ್ 1991ರಲ್ಲಿ ಹೇಳಿತು. ಅದಕ್ಕಾಗಿ 100 ಸೆಂಟರ್ ಸ್ಟ್ರೀಟಿನ ಕ್ರಿಮಿನಲ್ ಕೋರ್ಟು ಹಗಲಿನ ಪಾಳಿ ಮುಗಿದ ಮೇಲೂ ರಾತ್ರಿ ಒಂದು ಗಂಟೆಯವರೆಗೆ ಕಲಾಪ ನಡೆಸುತ್ತದೆ. ಲೀಗಲ್ ಏಡ್ ಸೊಸೈಟಿ ಅಥವಾ ನ್ಯೂಯಾರ್ಕ್ ಕೌಂಟಿ ಡಿಫೆಂಡರ್ ಸರ್ವಿಸಸ್‌ನ ವಕೀಲರು ಪುಟ್ಟ ಗೂಡಿನಲ್ಲಿ ಕಕ್ಷಿದಾರನನ್ನು ಮೊದಲ ಬಾರಿ ಕಾಣುತ್ತಾರೆ. ಮಾತಿಗೆ ಸಿಗುವುದು ಕೆಲವೇ ನಿಮಿಷ. ಕೋರ್ಟಿನ ಅಧಿಕಾರಿ ಮೊಕದ್ದಮೆಯ ಸಂಖ್ಯೆಯನ್ನೂ ಕಲಂಗಳನ್ನೂ ಕೂಗುತ್ತಾರೆ. ಪ್ರಾಸಿಕ್ಯೂಟರ್ ಕಡತದ ಮೇಲೆ ಮೊದಲೇ ಬರೆದಿಟ್ಟುಕೊಂಡ ಕೊಡುಗೆಯನ್ನು ಓದುತ್ತಾರೆ: 240.20, ಜೊತೆಗೆ ‘ಟೈಮ್ ಸರ್ವ್ಡ್’, ಅಂದರೆ ಇಷ್ಟು ಹೊತ್ತು ಲಾಕಪ್ಪಿನಲ್ಲಿ ಕಳೆದದ್ದೇ ಶಿಕ್ಷೆ. ಇಲ್ಲವೇ ಒಂದೆರಡು ದಿನದ ಸಮುದಾಯ ಸೇವೆ. ವಕೀಲರು ಕಕ್ಷಿದಾರನ ಕಿವಿಯಲ್ಲಿ ಎರಡು ಮಾತು ಹೇಳಿ ತಲೆಯೆತ್ತುತ್ತಾರೆ. ನ್ಯಾಯಾಧೀಶರು ವಿಚಾರಣೆಯ ಹಕ್ಕನ್ನು ಬಿಟ್ಟುಕೊಡುತ್ತಿರುವಿರಾ ಎಂದು ಕೇಳುತ್ತಾರೆ, ಹೌದು ಎಂಬ ಉತ್ತರ ಬರುತ್ತದೆ. 120 ಡಾಲರ್ ಸರ್‌ಚಾರ್ಜು ಮತ್ತು ಶುಲ್ಕ ಸೇರುತ್ತದೆ. ಮುಂದಿನ ಸಂಖ್ಯೆ ಕೂಗಲಾಗುತ್ತದೆ.

ಇಲ್ಲಿ ಒಪ್ಪಿಕೊಳ್ಳುವವನ ಲೆಕ್ಕಾಚಾರವನ್ನು ತಿಳಿಯದೆ ಅವನನ್ನು ತೂಗಬಾರದು. ರಾತ್ರಿಯೆಲ್ಲ ಲಾಕಪ್ಪಿನ ಬೆಂಚಿನ ಮೇಲೆ ಕೂತವನಿಗೆ ಹೌದು ಎಂದರೆ ಈಗಲೇ ಮನೆ. ಇಲ್ಲ ಎಂದರೆ ಮುಂದಿನ ವಾಯಿದೆ, ಅದರ ಮುಂದಿನ ವಾಯಿದೆ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ. ಮೇಲ್ದರ್ಜೆಯ ಮಿಸ್‌ಡಿಮೀನರ್ ಮೊಕದ್ದಮೆಯಲ್ಲಿ ವಿಚಾರಣೆಗೆ ಸಿದ್ಧವಾಗಲು ಪ್ರಾಸಿಕ್ಯೂಷನ್ನಿಗೆ 90 ದಿನಗಳ ಗಡುವಿದೆ, ಬರೀ ವಯಲೇಷನ್ ಆದರೆ 30 ದಿನ. ಆದರೆ ಈ ಲೆಕ್ಕಕ್ಕೆ ಸೇರದ ದಿನಗಳೂ ಬೇಕಾದಷ್ಟಿರುವುದರಿಂದ ಕ್ಯಾಲೆಂಡರಿನಲ್ಲಿ ಮೂರು ತಿಂಗಳೆಂಬುದು ವರ್ಷಕ್ಕೂ ಹಿಗ್ಗಬಲ್ಲದು. ಮಾಲ್ಕಮ್ ಫೀಲಿ 1979ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್ ನಗರದ ಕೆಳಹಂತದ ಕೋರ್ಟನ್ನು ಅಧ್ಯಯನ ಮಾಡಿ, ಇಂಥ ಕಡೆ ಮೊಕದ್ದಮೆಯ ನಡಾವಳಿಯೇ ಶಿಕ್ಷೆಯಾಗಿ ಪರಿಣಮಿಸುತ್ತದೆ ಎಂದು ತೋರಿಸಿದರು. ಅವರು ಆರಿಸಿಕೊಂಡ 1,640 ಮೊಕದ್ದಮೆಗಳಲ್ಲಿ ಒಂದೂ ಪೂರ್ಣ ವಿಚಾರಣೆಗೆ ಹೋಗಿರಲಿಲ್ಲ. ಈಸಾ ಕೊಹ್ಲರ್-ಹೌಸ್‌ಮನ್ 2018ರ ‘ಮಿಸ್‌ಡಿಮೀನರ್‌ಲ್ಯಾಂಡ್’ ಕೃತಿಯಲ್ಲಿ ನ್ಯೂಯಾರ್ಕ್ ನಗರವನ್ನೇ ಕುರಿತು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಕೋರ್ಟುಗಳು ತಪ್ಪು-ಒಪ್ಪು ತೀರ್ಮಾನಿಸುವ ಬದಲು ಜನರ ಮೇಲೆ ಗುರುತು ಹಾಕಿ, ಸ್ವಲ್ಪ ಕಾಲ ಕಣ್ಣಿಟ್ಟು, ಮತ್ತೆ ಬರುತ್ತಾರೆಯೇ ಎಂದು ಕಾಯುತ್ತವೆ ಎಂದು ವಾದಿಸಿದರು. ಮ್ಯಾನ್‌ಹಟನ್ನಿನ ಡಿಸ್‌ಕಾನ್‌ಗೆ ಈ ಎರಡನೆಯ ವಿವರಣೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಬೇಸರ ಹುಟ್ಟಿಸುವ ನಡಾವಳಿ ಅಲ್ಲಿ ಇದ್ದೇ ಇದೆ. ಅದರ ಜೊತೆಗೆ ಹಿಂದಿನ ಸಲ ಸಿಕ್ಕ ರಿಯಾಯಿತಿ ಮುಂದಿನ ಸಲದ ಚೌಕಾಸಿಯಲ್ಲಿ ಲೆಕ್ಕಕ್ಕೆ ಬರುತ್ತದೆ.

ರಿಯಾಯಿತಿಗಳಲ್ಲಿ ಮೇಲುಕೀಳು ಇದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ಅನೇಕ ವೇಳೆ ದೊರೆಯುವುದು ‘ಎಸಿಡಿ’. ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 170.55ನೆಯ ಕಲಂ ಪ್ರಕಾರ, ಎರಡೂ ಪಕ್ಷಗಳು ಒಪ್ಪಿದರೆ ಮೊಕದ್ದಮೆಯನ್ನು ಆರು ತಿಂಗಳು ಮುಂದೂಡಲಾಗುತ್ತದೆ. ಪ್ರಾಸಿಕ್ಯೂಟರ್ ಅಷ್ಟರೊಳಗೆ ಅದನ್ನು ಮತ್ತೆ ತೆರೆಯಿರೆಂದು ಕೇಳದಿದ್ದರೆ ವಜಾ. ತಪ್ಪೊಪ್ಪಿಗೆ ಇಲ್ಲ, ದೋಷಿ ಎಂಬ ತೀರ್ಮಾನವೂ ಇಲ್ಲ, 160.50ನೆಯ ಕಲಂ ಪ್ರಕಾರ ಕಡತಕ್ಕೆ ಮೊಹರು ಬೀಳುತ್ತದೆ. ಡಿಸ್‌ಕಾನ್ ಒಪ್ಪಿಕೊಂಡವನಿಗೆ ಅನ್ವಯಿಸುವುದು 160.55. ಅದು ಪೊಲೀಸರ ಮತ್ತು ಪ್ರಾಸಿಕ್ಯೂಟರರ ಕಾಗದಗಳನ್ನು ಮುಚ್ಚುತ್ತದೆ, ಕೋರ್ಟಿನ ಸ್ವಂತ ಕಡತವನ್ನು ಮುಚ್ಚುವುದಿಲ್ಲ. ಅಪರಾಧಿಯಲ್ಲ ಎಂದು ಕಾನೂನು ಹೇಳಿದವನ ಹೆಸರು ಕೋರ್ಟಿನ ಕಪಾಟಿನಲ್ಲಿ ಉಳಿದೇ ಇರುತ್ತದೆ. ಎರಡು ಕಲಂಗಳ ನಡುವಿನ ಈ ಅಂತರವನ್ನು ಸೆಂಟರ್ ಸ್ಟ್ರೀಟಿನ ಗೂಡಿನಲ್ಲಿ ಆ ಕೆಲವು ನಿಮಿಷಗಳಲ್ಲಿ ವಿವರಿಸಿ ಹೇಳುವುದು ಎಂಥ ಒಳ್ಳೆಯ ವಕೀಲರಿಗೂ ಕಷ್ಟ.

ಇನ್ನು, ಬಂಧಿಸದೆ ಬೀದಿಯಲ್ಲೇ ಸಮನ್ಸ್ ಹರಿದುಕೊಡುವ ದಾರಿ. ಇಲ್ಲಿ ಡಿಸ್‌ಕಾನ್ ನಿಜವಾದ ಆರೋಪವಾಗಿಯೇ ಬರುತ್ತದೆ, ಮತ್ತು ಈ ಆರೋಪಗಳ ದೌರ್ಬಲ್ಯ ಬಯಲಾದದ್ದೂ ಇಲ್ಲಿಯೇ. 2007ರಿಂದ 2015ರ ನಡುವೆ ನಗರದಾದ್ಯಂತ ಕೊಟ್ಟ ಸಮನ್ಸ್‌ಗಳಲ್ಲಿ ಸುಮಾರು 9 ಲಕ್ಷ, ಕಾನೂನಿನ ಪ್ರಕಾರ ಆರೋಪವೇ ನಿಲ್ಲುವುದಿಲ್ಲವೆಂದು ವಜಾ ಆಗಿದ್ದವು. ಆ ಸಮನ್ಸ್ ಪಡೆದವರ ಪರವಾಗಿ ಹೂಡಿದ ಸಾಮೂಹಿಕ ದಾವೆಯಲ್ಲಿ ನಗರಾಡಳಿತ 2017ರಲ್ಲಿ 7.5 ಕೋಟಿ ಡಾಲರ್‌ವರೆಗೆ ಪರಿಹಾರಕ್ಕೆ ಒಪ್ಪಿಕೊಂಡಿತು. ಸಮನ್ಸ್‌ಗೆ ಹಾಜರಾಗದಿದ್ದರೆ ವಾರಂಟ್. ಅದೇ ವರ್ಷ ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿಯ ಕೋರಿಕೆಯಂತೆ ಇಂಥ ಹತ್ತು ವರ್ಷಕ್ಕೂ ಹಳೆಯದಾದ ಸುಮಾರು 2,40,000 ವಾರಂಟುಗಳು ಒಂದೇ ಏಟಿಗೆ ರದ್ದಾದವು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದಾಗ ನನಗೆ ಕಾಣುವುದು ಇಷ್ಟು: ನ್ಯಾಯಾಧೀಶರೊಬ್ಬರು ಕುಳಿತು ದೂರನ್ನು ಓದಿದಾಗ ದೊಡ್ಡ ಪಾಲು ದೂರುಗಳು ಬಿದ್ದುಹೋಗುತ್ತವೆ. ಓದುವ ಮೊದಲೇ ತಪ್ಪೊಪ್ಪಿಗೆ ಬಂದುಬಿಟ್ಟ ಕಡತಗಳಲ್ಲಿ ಎಷ್ಟು ಹುಸಿ ಇದ್ದವೆಂದು ಅಳೆಯುವ ದಾರಿಯೇ ಇಲ್ಲ.

ಮೇಲಿನ ಕೋರ್ಟು ಈ ಕಲಮನ್ನು ಎಷ್ಟು ಬಿಗಿಯಾಗಿ ಓದುತ್ತದೆ ಎಂದು ನೋಡಿದರೆ ಈ ಮಾತಿಗೆ ಬಲ ಬರುತ್ತದೆ. 2007ರ ‘ಪೀಪಲ್ ವರ್ಸಸ್ ಜೋನ್ಸ್’ ತೀರ್ಪು ಮ್ಯಾನ್‌ಹಟನ್ನಿನದೇ. ಟೈಮ್ಸ್ ಸ್ಕ್ವೇರ್ ಬಳಿ ರಾತ್ರಿ ಎರಡರ ಸುಮಾರಿಗೆ ಕೆಲವರೊಂದಿಗೆ ಪಾದಚಾರಿ ದಾರಿಯಲ್ಲಿ ನಿಂತಿದ್ದ, ಸರಿಯಲು ಹೇಳಿದರೂ ಸರಿಯಲಿಲ್ಲ, ಜನ ಸುತ್ತಿಕೊಂಡು ಹೋಗಬೇಕಾಯಿತು ಎಂಬುದು ದೂರು. ದಾರಿಯಲ್ಲಿ ನಿಂತಿದ್ದರಿಂದ ಇತರರಿಗೆ ಒಂದಿಷ್ಟು ಅನನುಕೂಲ ಆಯಿತೆಂಬುದಷ್ಟೇ ಈ ತಪ್ಪಿಗೆ ಸಾಲದು, ಉದ್ದೇಶವನ್ನು ತೋರಿಸುವ ಒಂದು ಸಂಗತಿಯೂ ದೂರಿನಲ್ಲಿಲ್ಲ ಎಂದು ಕೋರ್ಟ್ ಆಫ್ ಅಪೀಲ್ಸ್ ಅದನ್ನು ತಳ್ಳಿಹಾಕಿತು. 2013ರ ‘ಪೀಪಲ್ ವರ್ಸಸ್ ಬೇಕರ್’ ರಾಚೆಸ್ಟರ್ ನಗರದ್ದು. ಪೊಲೀಸ್ ಅಧಿಕಾರಿಯನ್ನು ಬೈದು ಕೂಗಾಡಿದ ಮಾತ್ರಕ್ಕೆ ಸಾರ್ವಜನಿಕ ಶಾಂತಿಗೆ ಧಕ್ಕೆಯಾಯಿತೆಂದು ಹೇಳಲಾಗದು, ಹಾಗಾಗಿ ಬಂಧನಕ್ಕೇ ಆಧಾರವಿರಲಿಲ್ಲ ಎಂದು ಕೋರ್ಟು ಹೇಳಿತು. ಇವೆರಡೂ ಎಚ್ಚರದ, ಒಳ್ಳೆಯ ತೀರ್ಪುಗಳು. ಆದರೆ ಅವು ಕೆಲಸಕ್ಕೆ ಬರಬೇಕಾದರೆ ಯಾರಾದರೂ ದೂರನ್ನು ಪ್ರಶ್ನಿಸಬೇಕು, ಅಂದರೆ ಮುಂದಿನ ವಾಯಿದೆಗೆ ಬರಬೇಕು. ಮೊದಲ ಹಾಜರಾತಿಯಲ್ಲೇ ಮುಗಿದುಹೋಗುವ ಕಡತಗಳ ಮಟ್ಟಿಗೆ ಈ ತೀರ್ಪುಗಳು ಗ್ರಂಥಾಲಯದ ಸರಕಾಗಿ ಉಳಿಯುತ್ತವೆ. ಒಪ್ಪಿಗೆ ಪಡೆಯುವ ಮೊದಲು ನ್ಯಾಯಾಧೀಶರು ದೂರಿನ ಆ ಒಂದು ಪ್ಯಾರಾವನ್ನು ಓದಿ, ಆರೋಪ ಮೇಲ್ನೋಟಕ್ಕಾದರೂ ನಿಲ್ಲುತ್ತದೆಯೇ ಎಂದು ತಾವೇ ನೋಡುವುದು ಕಡ್ಡಾಯವಾಗಬೇಕು. ಸಮನ್ಸ್ ಕೋರ್ಟಿನಲ್ಲಿ ಮಾಡಲಾಗುವ ಕೆಲಸ 100 ಸೆಂಟರ್ ಸ್ಟ್ರೀಟಿನಲ್ಲಿ ಅಸಾಧ್ಯವೆನ್ನಲು ಕಾರಣ ನನಗೆ ಕಾಣುವುದಿಲ್ಲ.

ಪರ್ಯಾಯಗಳೂ ಇವೆ. 54ನೆಯ ಬೀದಿಯಲ್ಲಿ 1993ರಲ್ಲಿ ಆರಂಭವಾದ ಮಿಡ್‌ಟೌನ್ ಕಮ್ಯುನಿಟಿ ಕೋರ್ಟು ದಂಡದ ಬದಲು ಸಮುದಾಯ ಸೇವೆಯನ್ನೂ ಆಪ್ತಸಮಾಲೋಚನೆಯನ್ನೂ ತಂದಿತು. 2015ರಲ್ಲಿ ಹದಿಹರೆಯದವರಿಗಾಗಿ ಆರಂಭಿಸಿ ಮುಂದೆ ವಯಸ್ಕರಿಗೂ ವಿಸ್ತರಿಸಿದ ‘ಪ್ರಾಜೆಕ್ಟ್ ರಿಸೆಟ್’ ಯೋಜನೆಯಲ್ಲಿ ಒಂದು ಸಣ್ಣ ಶಿಬಿರ ಮುಗಿಸಿದವರ ಮೇಲೆ ಮೊಕದ್ದಮೆಯನ್ನೇ ಹೂಡುವುದಿಲ್ಲ. ಅವರು ನ್ಯಾಯಾಧೀಶರ ಮುಂದೆ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ಇದು ಮಾನವೀಯ, ಸಂದೇಹವಿಲ್ಲ. ದೂರಿನ ಸತ್ಯವನ್ನು ಯಾರೂ ಪರೀಕ್ಷಿಸುವುದಿಲ್ಲ ಎಂಬ ಕೊರತೆ ಮಾತ್ರ ಇಲ್ಲಿಯೂ ಉಂಟು.

ಅಮೆರಿಕದ ಪೌರತ್ವವಿಲ್ಲದವರ ಸ್ಥಿತಿ ಇನ್ನೂ ಸೂಕ್ಷ್ಮ. ಮ್ಯಾನ್‌ಹಟನ್ನಿನಲ್ಲಿ ಓದುವ, ಎಚ್-1ಬಿ ವೀಸಾದ ಮೇಲೆ ದುಡಿಯುವ ಕನ್ನಡಿಗರೂ ಈ ಗುಂಪಿಗೆ ಸೇರಿದವರೇ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ವಕೀಲರು ಅದನ್ನು ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು 2010ರ ‘ಪಡಿಲ್ಲಾ’ ತೀರ್ಪಿನಲ್ಲಿ ವಿಧಿಸಿತು. ಕಳ್ಳತನದ ಆರೋಪ ಡಿಸ್‌ಕಾನ್‌ಗೆ ಇಳಿದರೆ ವಲಸಿಗನಿಗೆ ಅದು ಬಹುದೊಡ್ಡ ರಕ್ಷಣೆ, ಅದಕ್ಕೇ ವಲಸೆ ಕಾನೂನು ಬಲ್ಲ ವಕೀಲರು ಈ ಕಲಮನ್ನು ಬಿಡದೆ ಕೇಳುತ್ತಾರೆ. ಹಾಗಿದ್ದರೂ ಪೌರತ್ವ ಕೋರುವ ಎನ್-400 ಅರ್ಜಿ ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ಮೊಹರು ಬಿದ್ದ ದಾಖಲೆಯನ್ನೂ ಬಚ್ಚಿಡುವಂತಿಲ್ಲ. ಅರ್ಜಿದಾರ ಕೋರ್ಟಿನ ಗುಮಾಸ್ತರ ಬಳಿ ಹೋಗಿ ಮೊಕದ್ದಮೆ ಹೇಗೆ ಮುಗಿಯಿತೆಂಬ ದೃಢೀಕೃತ ಪತ್ರ ತರಬೇಕು. ಬಂಧನ ಸರಿಯಿತ್ತೋ ತಪ್ಪಿತ್ತೋ ಎಂದು ಅದರಲ್ಲಿರುವುದಿಲ್ಲ. ವರ್ಷಗಳ ಹಿಂದಿನ ಆ ರಾತ್ರಿ ಏನಾಯಿತೆಂದು ವಲಸೆ ಅಧಿಕಾರಿಯ ಮುಂದೆ ಅವನು ತಾನೇ, ಸಾಕ್ಷಿಗಳಿಲ್ಲದೆ, ವಿವರಿಸಬೇಕಾಗುತ್ತದೆ.