ಮಾಂಬಲಂನ ಹಿಂದಿ ಮನೆಪಾಠ

ಹಿಂದಿ ಹೇರಿಕೆಯ ವಿರುದ್ಧ ದೇಶದಲ್ಲೇ ಅತಿ ದೊಡ್ಡ ಚಳವಳಿಗಳು ನಡೆದದ್ದು ತಮಿಳುನಾಡಿನಲ್ಲಿ. ದಕ್ಷಿಣದಲ್ಲಿ ಸ್ವಂತ ಇಷ್ಟದಿಂದ, ಶುಲ್ಕ ಕೊಟ್ಟು, ಸಂಜೆಯ ಹೊತ್ತು ಮೀಸಲಿಟ್ಟು ಹಿಂದಿ ಕಲಿತವರ ದೊಡ್ಡ ಪಾಲೂ ಅದೇ ನಾಡಿನದು. ಇದನ್ನು ವಿರೋಧಾಭಾಸ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಚೆನ್ನೈನ ವೆಸ್ಟ್ ಮಾಂಬಲಂನಂಥ ಬಡಾವಣೆಯ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇಲ್ಲಿ ವಿರೋಧಾಭಾಸ ಕಾಣುವುದಿಲ್ಲ, ಕಲಿಕೆಯ ಒಂದು ನಿಯಮ ಕಾಣುತ್ತದೆ. ಪರಭಾಷೆಗೆ ಕೈಹಾಕಿದವರು ನಡುದಾರಿಯಲ್ಲಿ ಬಿಟ್ಟುಬಿಡದಂತೆ ಕಾಯುವ ಶಕ್ತಿ ಸರ್ಕಾರದ ಆಜ್ಞೆಗೂ ಇಲ್ಲ, ದೊಡ್ಡ ಆದರ್ಶಕ್ಕೂ ಇಲ್ಲ. ಆರು ತಿಂಗಳಲ್ಲಿ ಮುಟ್ಟಬಹುದಾದ ಗುರಿ, ಆ ಗುರಿಗೆ ಅಳೆದು ಬರೆದ ಪುಟ್ಟ ಪುಸ್ತಕ, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಬ್ಬ ಟೀಚರ್: ಈ ಮೂರು ಕೂಡಿದಲ್ಲಿ ಕಲಿಕೆ ನೆಲೆನಿಂತಿತು. ಈ ಮೂರರಲ್ಲಿ ಒಂದು ತಪ್ಪಿದಲ್ಲಿ, ಎಷ್ಟೇ ಉತ್ಸಾಹ ಇದ್ದರೂ ಕರಗಿತು. ನನ್ನ ವಾದ ಇಷ್ಟೇ. ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಮಾಂಬಲಂನ ರೈಲು ಹಳಿಯ ಎರಡು ಬದಿಯಲ್ಲಿದೆ.

ಮಾಂಬಲಂ ಒಂದು ಕಾಲಕ್ಕೆ ದೊಡ್ಡ ಕೆರೆಯ ದಂಡೆಯ ಊರು. 1920ರ ದಶಕದಲ್ಲಿ ಆ ಕೆರೆಯನ್ನು ಬರಿದು ಮಾಡಿ, ಹಳಿಯ ಪೂರ್ವಕ್ಕೆ ತ್ಯಾಗರಾಯನಗರವನ್ನು ಕಟ್ಟಿದರು. ಈಗ ನೀರಿನ ಸುಳಿವೇ ಇಲ್ಲದ ಕಡೆ ಲೇಕ್ ವ್ಯೂ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. 1931ರಲ್ಲಿ ಮದ್ರಾಸ್ ಬೀಚ್‌ನಿಂದ ತಾಂಬರಂವರೆಗೆ ವಿದ್ಯುತ್ ರೈಲು ಓಡತೊಡಗಿದ ಮೇಲೆ ಹಳಿಯ ಪಶ್ಚಿಮದ ಭಾಗ ಗುಮಾಸ್ತರು, ಮೇಷ್ಟ್ರುಗಳು, ರೈಲ್ವೆ ಮತ್ತು ಬ್ಯಾಂಕಿನ ನೌಕರರು ಬಾಡಿಗೆ ಮನೆ ಹಿಡಿಯುವ ಬಡಾವಣೆಯಾಗಿ ಬೆಳೆಯಿತು. 1936ರಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾ ತ್ಯಾಗರಾಯನಗರಕ್ಕೆ ಬಂದು ನೆಲೆಸಿತು. ಸಭಾದ ಹುಟ್ಟು 1918ರಷ್ಟು ಹಿಂದಿನದು. ಇಂದೋರಿನಲ್ಲಿ ನಡೆದ ಹಿಂದಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಗಾಂಧೀಜಿ ತಮ್ಮ ಕಿರಿಯ ಮಗ ದೇವದಾಸರನ್ನೇ ಮೊದಲ ಪ್ರಚಾರಕರಾಗಿ ಮದ್ರಾಸಿಗೆ ಕಳಿಸಿದರು. ಮೊದಲ ತರಗತಿ ನಡೆದದ್ದು ಗೋಖಲೆ ಹಾಲ್‌ನಲ್ಲಿ. ಆನಿ ಬೆಸೆಂಟ್ ಅಧ್ಯಕ್ಷತೆ, ಉದ್ಘಾಟನೆ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರದು. 1927ರವರೆಗೆ ಪ್ರಯಾಗದ ಹಿಂದಿ ಸಾಹಿತ್ಯ ಸಮ್ಮೇಳನದ ಶಾಖೆಯಾಗಿದ್ದ ಸಭಾ ಆಮೇಲೆ ಸ್ವತಂತ್ರ ಸಂಸ್ಥೆಯಾಯಿತು. ಗಾಂಧೀಜಿ ಸಾಯುವವರೆಗೂ ಅದರ ಅಧ್ಯಕ್ಷರು. ಇಂಥ ಸಂಸ್ಥೆ ಹಳಿಯ ಒಂದು ಬದಿಗೆ, ಮಕ್ಕಳ ಓದಿಗೆ ಊಟಕ್ಕಿಂತ ಹೆಚ್ಚು ಬೆಲೆ ಕೊಡುವ ಸಾವಿರಾರು ಮನೆಗಳು ಇನ್ನೊಂದು ಬದಿಗೆ. ಉಳಿದದ್ದೆಲ್ಲ ಇವೆರಡರ ನಡುವೆ ಬೆಳೆದದ್ದು.

ಸಭಾ ಮಾಡಿದ ಜಾಣತನದ ಕೆಲಸವೆಂದರೆ ಭಾಷೆಯನ್ನು ಮೆಟ್ಟಿಲುಗಳಾಗಿ ಒಡೆದದ್ದು. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ. ಎಳೆಯರಿಗೆಂದು ಪ್ರಾಥಮಿಕಕ್ಕೂ ಕೆಳಗೆ ಪರಿಚಯ. ಫೆಬ್ರವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಪರೀಕ್ಷೆ. ಬರೆಯಲು ಶಾಲೆಯ ದಾಖಲೆ ಬೇಡ, ವಯಸ್ಸಿನ ಮಿತಿ ಬೇಡ. ಎಂಟು ವರ್ಷದ ಹುಡುಗಿಯೂ ಅವಳ ತಾಯಿಯೂ ಒಂದೇ ಪರೀಕ್ಷೆಗೆ ಕೂರಬಹುದು. ಪ್ರತಿ ಮೆಟ್ಟಿಲಿಗೂ ಅದರದೇ ಪುಸ್ತಕ, ಅದು ಮುಗಿದರೆ ಒಂದು ಪ್ರಮಾಣಪತ್ರ. ಜೊತೆಗೆ ತಮಿಳು, ತೆಲುಗು, ಕನ್ನಡ, ಮಲಯಾಳಂ ಓದುಗರಿಗೆ ಅವರವರ ಭಾಷೆಯ ಮೂಲಕ ಹಿಂದಿ ಹೇಳಿಕೊಡುವ ಸ್ವಬೋಧಿನಿಗಳು. ಇದು ಸಣ್ಣ ವಿಷಯವಲ್ಲ. ಕನ್ನಡದ ಮಗುವಿಗೆ ಕ, ಖ, ಗ, ಘ ಹೊಸದಲ್ಲ. ಅಕ್ಷರದ ಆಕಾರ ಬದಲಾದರೆ ಸಾಕು, ವರ್ಗಾಕ್ಷರದ ಕ್ರಮ ಬಾಯಲ್ಲೇ ಇದೆ. ತಮಿಳಿನಲ್ಲಿ ಈ ನಾಲ್ಕಕ್ಕೂ ಒಂದೇ ಅಕ್ಷರ. ಧಾರವಾಡದ ಮಗು ಒಂದು ವಾರದಲ್ಲಿ ದಾಟುವ ಪುಟವನ್ನು ಮಾಂಬಲಂನ ಮಗು ತಿಂಗಳುಗಟ್ಟಲೆ ಕಿವಿಗೊಟ್ಟು ದಾಟಬೇಕು. ಆದರೆ ಮುಂದಿನ ಗಂಟು ಇಬ್ಬರಿಗೂ ಸಮ: ಕಿತಾಬ್ ಸ್ತ್ರೀಲಿಂಗ, ಕಾಗಜ್ ಪುಲ್ಲಿಂಗ. ಜೀವವಿಲ್ಲದ ವಸ್ತುವಿಗೆ ಹೆಣ್ಣು ಗಂಡೆಂಬ ಭೇದ ದ್ರಾವಿಡ ಕಿವಿಗೆ ಒಗ್ಗುವುದಿಲ್ಲ. ಅದರ ಮೇಲೆ ‘ನೇ’ ಪ್ರತ್ಯಯ: ರಾಮ ರೊಟ್ಟಿ ತಿಂದ ಎಂಬಲ್ಲಿ ಕ್ರಿಯಾಪದ ರಾಮನನ್ನು ಬಿಟ್ಟು ರೊಟ್ಟಿಯ ಲಿಂಗವನ್ನು ಹಿಡಿದು ‘ರಾಮ್ ನೇ ರೋಟೀ ಖಾಯೀ’ ಎನ್ನಬೇಕು. ಕಲಿಯುವವರು ಕೈಚೆಲ್ಲುವುದು ಇಂಥ ಜಾಗದಲ್ಲೇ. ಉತ್ತರದವರಿಗಾಗಿ ಬರೆದ ವ್ಯಾಕರಣ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ, ಅವರಿಗೆ ಅದು ಗೊತ್ತೇ ಇದೆಯಲ್ಲ. ಯಾರು, ಎಲ್ಲಿ ಎಡವುತ್ತಾರೆಂದು ತಿಳಿದು ಬರೆದ ಪುಸ್ತಕ ಮಾತ್ರ ಅಲ್ಲಿ ನಿಂತು ಕೈಹಿಡಿಯುತ್ತದೆ. ಸಾಮಗ್ರಿಯ ಆಯ್ಕೆ ಎಂದರೆ ಇದೇ. ಒಳ್ಳೆಯ ಪುಸ್ತಕ ಯಾವುದು ಎಂದು ಕೇಳಿದರೆ, ಯಾವ ಭಾಷೆಯಿಂದ ಬಂದವರಿಗೆ, ಎಷ್ಟನೆಯ ಮೆಟ್ಟಿಲಿಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಪುಸ್ತಕ, ಪರೀಕ್ಷೆ ಎಲ್ಲ ಆಮೇಲಿನ ಮಾತು, ಜನರನ್ನು ಕೂರಿಸಿದ್ದು ಸ್ವಾತಂತ್ರ್ಯ ಹೋರಾಟದ ಕಾವು. ಆರಂಭದ ಮಟ್ಟಿಗೆ ಇದು ನಿಜ. 1922ರಲ್ಲಿ ಈರೋಡಿನಲ್ಲಿ ಹಿಂದಿ ಶಾಲೆಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟವರು, ಆಗ ಕಾಂಗ್ರೆಸ್ಸಿನಲ್ಲಿದ್ದ ಪೆರಿಯಾರ್. ಅಷ್ಟು ವ್ಯಾಪಕವಾಗಿತ್ತು ಆ ಕಾವು. ಆದರೆ ಕಾವಿನ ಆಯುಸ್ಸು ಎಷ್ಟು? 1938ರಲ್ಲಿ ರಾಜಾಜಿ ಸರ್ಕಾರ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದಾಗ ಅದೇ ಪೆರಿಯಾರ್ ವಿರೋಧದ ಮುಂಚೂಣಿಯಲ್ಲಿದ್ದರು. ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ತರುಣರು 1939ರಲ್ಲಿ ಬಂಧನದಲ್ಲಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡರು. 1940ರ ಫೆಬ್ರವರಿಯಲ್ಲಿ ಆಜ್ಞೆ ರದ್ದಾಯಿತು. ಮತ್ತೆ 1965ರಲ್ಲಿ ನಾಡು ಹೊತ್ತಿ ಉರಿಯಿತು. 1968ರಲ್ಲಿ ವಿಧಾನಸಭೆ ತಮಿಳು, ಇಂಗ್ಲಿಷ್‌ಗಳ ದ್ವಿಭಾಷಾ ಸೂತ್ರವನ್ನು ಒಪ್ಪಿದ ಮೇಲೆ ಸರ್ಕಾರಿ ಶಾಲೆಗಳಿಂದ ಹಿಂದಿ ಹೊರಬಿತ್ತು. ರಾಷ್ಟ್ರೀಯ ಉತ್ಸಾಹವೇ ಕಲಿಕೆಯ ಉಸಿರಾಗಿದ್ದರೆ ಹಿಂದಿ ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಶಾಲೆಯಿಂದ ಹೊರಬಿದ್ದ ಪಾಠ ಮನೆಯ ಜಗುಲಿಗೆ ಬಂತು. ಈಗಲೂ ತಮಿಳುನಾಡಿನಿಂದ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಸಭಾದ ಪರೀಕ್ಷೆಗಳಿಗೆ ಹೆಸರು ಕೊಡುತ್ತಾರೆ. ಚಳವಳಿ ನಡೆಸಿದ ಜನರ ಮೊಮ್ಮಕ್ಕಳೂ ಅವರಲ್ಲಿರುವುದರಲ್ಲಿ ಸಂದೇಹವಿಲ್ಲ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಚಳವಳಿಯ ಸಿಟ್ಟು ಇದ್ದದ್ದು ಕಡ್ಡಾಯದ ಮೇಲೆ. ತನ್ನ ಮಗಳನ್ನು ತಾನೇ ಪಾಠಕ್ಕೆ ಕಳಿಸುವ ಹಕ್ಕಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ವೆಸ್ಟ್ ಮಾಂಬಲಂ ಬ್ರಾಹ್ಮಣರು ಹೆಚ್ಚಾಗಿ ನೆಲೆಸಿದ ಬಡಾವಣೆ. ಹುದ್ದೆಗಳನ್ನು ಸಮುದಾಯವಾರು ಹಂಚಿದ, ಜಸ್ಟಿಸ್ ಪಕ್ಷದ ಕಾಲದ ಕೋಮುವಾರು ಆಜ್ಞೆಗಳ ನಂತರ ಪ್ರಾಂತ್ಯದ ಸರ್ಕಾರಿ ನೌಕರಿಯ ಬಾಗಿಲು ಕಿರಿದಾದಾಗ ಅವರು ಕೇಂದ್ರದ ಕೆಲಸಕ್ಕೆ, ಮುಂಬೈ ದೆಹಲಿಗಳಿಗೆ ಮುಖ ಮಾಡಿದರು. ಹಿಂದಿ ಕಲಿಕೆ ಹೊಟ್ಟೆಪಾಡಿನ ಲೆಕ್ಕಾಚಾರ, ಅಷ್ಟೆ. ಇದನ್ನು ಅಲ್ಲಗಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಹೊಟ್ಟೆಪಾಡಿಗೆ ಭಾಷೆ ಕಲಿಯುವುದು ಮದ್ರಾಸಿನಲ್ಲಿ ಹಳೆಯ ರೂಢಿಯೇ. 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಶುರುವಾದದ್ದು ಈಸ್ಟ್ ಇಂಡಿಯಾ ಕಂಪನಿಯ ತರುಣ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು. ಬಳ್ಳಾರಿ, ಕೆನರಾ ಜಿಲ್ಲೆಗಳು ಮದ್ರಾಸಿಗೆ ಸೇರಿದ್ದರಿಂದ ಕನ್ನಡವೂ ಆ ಪಟ್ಟಿಯಲ್ಲಿತ್ತು. ಭಾಷೆಯಲ್ಲಿ ಪಾಸಾದವರಿಗೆ ಮುಂದಿನ ದಾರಿ ಸುಗಮ. ಆ ಅಗತ್ಯದಿಂದಲೇ 1820ರಲ್ಲಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ, 1824ರಲ್ಲಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾದವು. ಹಣದಾಸೆಗೆ ಕಲಿತದ್ದೆಂದು ಆ ಪುಸ್ತಕಗಳ ಬೆಲೆ ಇಳಿಯಲಿಲ್ಲ. ಆದರೆ ನೌಕರಿಯ ಆಸೆ ವಿವರಿಸುವುದು ಪಾಠಕ್ಕೆ ಸೇರಿದ್ದನ್ನು ಮಾತ್ರ. ನಾಲ್ಕನೇ ಕ್ಲಾಸಿನ ಹುಡುಗನಿಗೆ ನೌಕರಿ ಹದಿನೈದು ವರ್ಷ ದೂರ. ಅವನನ್ನು ಮುಂದಿನ ಮಂಗಳವಾರವೂ ಪಾಠಕ್ಕೆ ಬರುವಂತೆ ಮಾಡುವುದು ಅಷ್ಟು ದೂರದ ಸಂಬಳವಾಗಲಾರದು. ಫೆಬ್ರವರಿಯ ಪ್ರಾಥಮಿಕ ಪರೀಕ್ಷೆ ಆಗಬಹುದು, ಆಗಸ್ಟಿನಲ್ಲಿ ಗೆಳೆಯ ತನ್ನನ್ನು ದಾಟಿ ಮಧ್ಯಮಾಕ್ಕೆ ಹೋಗುತ್ತಾನೆಂಬ ತವಕವೂ ಆಗಬಹುದು.

ಅವನಿಗೆ ಪಾಠ ಹೇಳುವವರ ಕಥೆಯೇ ಈ ಚರಿತ್ರೆಯ ಹೆಚ್ಚು ಸಂಪನ್ನ ಭಾಗ. ಅದನ್ನು ಬರೆದವರು ಕಡಿಮೆ. ಪ್ರವೀಣ ಮುಗಿಸಿದ ಗೃಹಿಣಿ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಗೇಟಿಗೆ ಒಂದು ಪುಟ್ಟ ಬೋರ್ಡು ಕಟ್ಟಿದರೆ ಪಾಠಶಾಲೆ ಸಿದ್ಧ. ಹೊರಗೆ ದುಡಿಯಲು ಹೋಗುವುದನ್ನು ಮನೆಯವರು ಒಪ್ಪದಿದ್ದ ಕಾಲದಲ್ಲಿ ಹೆಂಗಸರಿಗೆ ಇದು ಗೌರವದ ಗಳಿಕೆ, ಸ್ವಂತದ ಹೆಸರು. ಒಂದೇ ಕೋಣೆಯಲ್ಲಿ ಒಂದು ಮೂಲೆಗೆ ಪರಿಚಯದ ಮಕ್ಕಳು ಅಕ್ಷರ ತಿದ್ದುತ್ತಿದ್ದರೆ, ಇನ್ನೊಂದು ಮೂಲೆಗೆ ವಿಶಾರದದವರು ಕಬೀರನ ದೋಹೆಗೆ ಅರ್ಥ ಬರೆಯುತ್ತಿರುತ್ತಾರೆ. ಕೆಳಗಿನ ಮೆಟ್ಟಿಲಿನವರಿಗೆ ಮೇಲಿನದು ಕಣ್ಣಿಗೆ ಕಾಣುತ್ತದೆ, ಮೇಲಿನವರಿಗೆ ತಾವು ದಾಟಿಬಂದದ್ದು. ತರಗತಿವಾರು ಗೋಡೆ ಎಬ್ಬಿಸಿದ ಶಾಲೆಗೆ ಈ ಲಾಭವಿಲ್ಲ. ಟೀಚರ್ ಸ್ವತಃ ತಮಿಳು ಮನೆಮಾತಿನವರು, ‘ನೇ’ ಪ್ರತ್ಯಯದಲ್ಲಿ ತಾವೂ ಎಡವಿದವರು. ಹುಟ್ಟಿನಿಂದ ಆ ಭಾಷೆ ಬಲ್ಲವರೇ ಕಲಿಸಬೇಕೆಂಬ ನಂಬಿಕೆ ಇಂದು ಪ್ರಬಲವಾಗಿದೆ. ಆರಂಭದ ಮೆಟ್ಟಿಲುಗಳ ಮಟ್ಟಿಗೆ ಆ ನಂಬಿಕೆ ತಪ್ಪು ಎಂಬುದಕ್ಕೆ ಮಾಂಬಲಂ ಸಾಕ್ಷಿ.

ಉಳಿದದ್ದು ಮೂರನೆಯ ಆಕ್ಷೇಪ, ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡುವಂಥದ್ದು: ಇವರಿಗೆ ಪ್ರಮಾಣಪತ್ರ ಬಂತು, ಮಾತು ಬಂತೇ? ಗೈಡಿನ ಪ್ರಶ್ನೋತ್ತರ ಉರುಹೊಡೆದು ಪರೀಕ್ಷೆ ದಾಟಿದವರು ಬಹಳ. ತುಳಸಿದಾಸರ ಅವಧಿಗೆ, ಸೂರದಾಸರ ವ್ರಜಭಾಷೆಗೆ ಭಾವಾರ್ಥ ಬರೆಯಬಲ್ಲವರು ದೆಹಲಿಯ ಬಸ್ಸಿನಲ್ಲಿ ಟಿಕೆಟ್ ಕೇಳಲು ತಡವರಿಸುವುದು ಅಪರೂಪವಲ್ಲ. ಇದು ದೊಡ್ಡ ಕೊರತೆ, ಮುಚ್ಚಿಡಬಾರದು. ಆದರೆ ದೋಷ ಇರುವುದು ಮೆಟ್ಟಿಲಿನ ಕ್ರಮದಲ್ಲಲ್ಲ, ಮೇಲಿನ ಮೆಟ್ಟಿಲುಗಳ ಮೇಲೆ ಇಟ್ಟ ಸಾಮಗ್ರಿಯಲ್ಲಿ. ಭಾಷೆ ಎಂದರೆ ಸಾಹಿತ್ಯ ಎಂದು ನಂಬಿದ ತಲೆಮಾರು ಆ ಪಠ್ಯವನ್ನು ಆರಿಸಿತು; ಪೇಟೆ, ರೈಲು, ಕಚೇರಿಯ ಮಾತಿಗೆ ಅಲ್ಲಿ ಜಾಗ ಕಡಿಮೆಯಾಯಿತು. ಏನನ್ನು ಅಳೆಯುತ್ತೇವೋ ಅದನ್ನೇ ಕಲಿಯುವವರು ಕಲಿಯುತ್ತಾರೆ. ಹಾಗೆಂದು ಓದಿನ ಹಿಂದಿ ವ್ಯರ್ಥವಾಯಿತು ಎನ್ನಲಾಗದು. 1934ರ ಡಿಸೆಂಬರಿನಲ್ಲಿ ಸಭಾದ ಘಟಿಕೋತ್ಸವಕ್ಕೆ ಪ್ರೇಮಚಂದರೇ ಮದ್ರಾಸಿಗೆ ಬಂದಿದ್ದರು. ಅವರ ‘ಸೇವಾಸದನ’ ಕಾದಂಬರಿಯನ್ನು ತಮಿಳಿಗೆ ತಂದವರು, ಹಿಂದಿಯನ್ನು ಕಲಿತು ಕಲಿಸಿದ ಎಸ್. ಅಂಬುಜಮ್ಮಾಳ್. ಅದೇ ಕಥೆ 1938ರಲ್ಲಿ ಕೆ. ಸುಬ್ರಹ್ಮಣ್ಯಂ ನಿರ್ದೇಶನದಲ್ಲಿ ‘ಸೇವಾಸದನಂ’ ಚಿತ್ರವಾಯಿತು, ಎಂ.ಎಸ್. ಸುಬ್ಬುಲಕ್ಷ್ಮಿಯವರ ಮೊದಲ ಚಿತ್ರ. ಬಸ್ಸಿನ ಹಿಂದಿಯಿಂದ ಇದು ಆಗುತ್ತಿರಲಿಲ್ಲ.

ಈ ಚರಿತ್ರೆ ಕನ್ನಡಿಗರಿಗೆ ಏಕೆ ಬೇಕು? ಚೆನ್ನೈನಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಕುಟುಂಬಗಳಿವೆ. 2006ರ ಕಾಯ್ದೆ ತಮಿಳನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ಹತ್ತರವರೆಗೆ ಕಡ್ಡಾಯ ಮಾಡಿದ ಮೇಲೆ ಆ ಮನೆಗಳ ಮಕ್ಕಳಿಗೆ ಶಾಲೆಯಲ್ಲಿ ಕನ್ನಡಕ್ಕಿದ್ದ ಜಾಗ ಕುಗ್ಗಿತು. ನೆಲದ ಭಾಷೆ ಕಲಿಯುವುದು ಸರಿಯೇ. ಆದರೆ ಮನೆಯಲ್ಲಿ ಕನ್ನಡ ಆಡುವ, ಕನ್ನಡ ಓದಲು ಬಾರದ ಮಕ್ಕಳು ಹೆಚ್ಚುತ್ತಿದ್ದಾರೆ. 1968ರ ನಂತರ ಹಿಂದಿ ಇದ್ದ ಸ್ಥಿತಿಯಲ್ಲೇ ಈಗ ಅಲ್ಲಿ ಕನ್ನಡ ಇದೆ: ಕಲಿಯಬೇಕಾದರೆ ಶಾಲೆಯ ಹೊರಗೆ. ಕನ್ನಡ ಸಾಹಿತ್ಯ ಪರಿಷತ್ತಿಗೆ ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳ ಹಳೆಯ ಪರಂಪರೆ ಇದೆ. ಆದರೆ ಅವು ಕನ್ನಡ ಓದಬಲ್ಲವರಿಗೆ. ಅವುಗಳ ಕೆಳಗೆ, ತಮಿಳು ಲಿಪಿ ಬಲ್ಲ ಮಗುವಿಗೆ ಖ, ಘ, ಥ, ಧಗಳಿಂದ ತೊಡಗುವ ಎರಡು ಮೂರು ಪುಟ್ಟ ಮೆಟ್ಟಿಲುಗಳು ಬೇಕು. ಮೊದಲ ದಿನದಿಂದ ಮಾತಿಗೂ ಅಂಕ ಇರಬೇಕು. ವರ್ಷಕ್ಕೆ ಎರಡು ಪರೀಕ್ಷೆ, ತೆಳುವಾದ ಪುಸ್ತಕ, ಕಲಿಸಲು ಮನಸ್ಸಿರುವ ಗೃಹಿಣಿಯರಿಗೆ ಒಂದು ತರಬೇತಿ, ಒಂದು ಗೌರವದ ಹೆಸರು. ಪರಿಷತ್ತು, ಕರ್ನಾಟಕ ಸರ್ಕಾರ, ಚೆನ್ನೈನ ಕನ್ನಡ ಸಂಘಗಳು ಕೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.