ಒರೆಸದ ಸ್ಲೇಟು: ಕರ್ನೆಲ್ ಮೆಮೊರಿಯ ಸೋರಿಕೆಗೆ ತಡೆ

ಕಂಪ್ಯೂಟರ್ ಅಥವಾ ಮೊಬೈಲ್ ಫೋನನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯ ತಿರುಳು ಭಾಗಕ್ಕೆ ಕರ್ನೆಲ್ ಎಂದು ಹೆಸರು. ಯಂತ್ರದ ಮೆಮೊರಿಯನ್ನು ಹಂಚುವುದು, ಒಂದು ತಂತ್ರಾಂಶದ ಮಾಹಿತಿ ಇನ್ನೊಂದರ ಕೈಗೆ ಸಿಗದಂತೆ ಕಾಯುವುದು ಅದರ ಮುಖ್ಯ ಹೊಣೆ. ಕಾವಲುಗಾರನೇ ಅರಿವಿಲ್ಲದೆ ಮನೆಯ ಗುಟ್ಟನ್ನು ಹೊರಗೆ ಬಿಟ್ಟುಕೊಡುವಂಥ ದೋಷವೊಂದು ಈ ಕರ್ನೆಲ್‌ಗಳನ್ನು ದಶಕಗಳಿಂದ ಕಾಡುತ್ತ ಬಂದಿದೆ. ಆರಂಭಿಕ ಮೌಲ್ಯ ತುಂಬದ ಮೆಮೊರಿಯನ್ನು ಬಳಸುವುದರಿಂದ ಹುಟ್ಟುವ ದೋಷ ಅದು.

ಒಬ್ಬ ವಿದ್ಯಾರ್ಥಿ ಲೆಕ್ಕ ಮಾಡಿ ಒರೆಸದೆ ಇಟ್ಟುಹೋದ ಸ್ಲೇಟನ್ನು ಇನ್ನೊಬ್ಬ ಎತ್ತಿಕೊಂಡರೆ ಹಳೆಯ ಬರಹ ಅವನ ಕಣ್ಣಿಗೆ ಬೀಳುತ್ತದೆ. ಮೆಮೊರಿಯೂ ಹಾಗೆಯೇ. ಒಂದು ಕೆಲಸ ಬಳಸಿ ಬಿಟ್ಟ ಜಾಗವನ್ನು ಕರ್ನೆಲ್ ಇನ್ನೊಂದು ಕೆಲಸಕ್ಕೆ ಕೊಡುತ್ತದೆ. ಅಲ್ಲಿ ಗುಪ್ತಪದದ ತುಣುಕೋ, ಕರ್ನೆಲ್‌ನ ಒಳ ವಿಳಾಸವೋ ಉಳಿದಿರಬಹುದು. ವಿಂಡೋಸ್, ಲಿನಕ್ಸ್ ಕರ್ನೆಲ್‌ಗಳ ಬಹುಭಾಗ ಸಿ ಭಾಷೆಯಲ್ಲಿದೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಆ ಭಾಷೆಯಲ್ಲಿ, ಫಂಕ್ಷನ್ ಒಂದರೊಳಗೆ ಘೋಷಿಸಿದ ಚರಾಂಶಕ್ಕೆ ಕ್ರಮವಿಧಿಕಾರನೇ ಬೆಲೆ ಕೊಡಬೇಕು. ಕೊಡದಿದ್ದರೆ ಅಲ್ಲಿ ಹಿಂದೆ ಏನಿತ್ತೋ ಅದೇ ಇರುತ್ತದೆ. ಯಂತ್ರದ ಪ್ರತಿ ಕ್ಷಣವೂ ದುಬಾರಿಯಾಗಿದ್ದ ಕಾಲದ ಉಳಿತಾಯ ಅದು.

ಕ್ರಮವಿಧಿಕಾರ ಎಷ್ಟೇ ಎಚ್ಚರದಿಂದಿದ್ದರೂ ತಪ್ಪು ನುಸುಳುವ ಜಾಗ ಒಂದಿದೆ. 1 ಬೈಟಿನ ಅಂಕಿಯೊಂದರ ನಂತರ 8 ಬೈಟಿನ ಅಂಕಿಯೊಂದನ್ನು ಸೇರಿಸಿ ಒಂದು ದಾಖಲೆ ರಚಿಸಲಾಗಿದೆ ಎನ್ನೋಣ. 64 ಬಿಟ್ ಯಂತ್ರಗಳಲ್ಲಿ ಎರಡನೆಯ ಅಂಕಿ 8ರ ಗುಣಕವಾದ ವಿಳಾಸದಲ್ಲಿ ಕೂರಬೇಕಾದ ಕಾರಣ, ಕಂಪೈಲರ್ ನಡುವೆ 7 ಬೈಟುಗಳ ಖಾಲಿ ಜಾಗ ಬಿಡುತ್ತದೆ. ಎರಡೂ ಅಂಕಿಗಳಿಗೆ ತಪ್ಪದೆ ಬೆಲೆ ಕೊಟ್ಟರೂ ಆ 7 ಬೈಟುಗಳನ್ನು ಯಾರೂ ಮುಟ್ಟಿರುವುದಿಲ್ಲ. ಇಡೀ ದಾಖಲೆಯನ್ನು ಕರ್ನೆಲ್ ಸಾಮಾನ್ಯ ತಂತ್ರಾಂಶವೊಂದಕ್ಕೆ ನಕಲು ಮಾಡಿಕೊಟ್ಟಾಗ ಹಳೆಯ ಬರಹವೂ ಜತೆಗೆ ಹೊರಟುಹೋಗುತ್ತದೆ. ಮೂಲ ಸಂಕೇತವನ್ನು ಸಾಲು ಸಾಲಾಗಿ ಓದಿದರೂ ಇದು ಕಣ್ಣಿಗೆ ಬೀಳದು. ಏಕೆಂದರೆ ಆ ಜಾಗಕ್ಕೆ ಹೆಸರೇ ಇಲ್ಲ.

ಏಳೆಂಟು ಬೈಟುಗಳಿಂದ ಏನಾದೀತು ಎಂದು ಕೇಳಬಹುದು. ದಾಳಿಕೋರರನ್ನು ದಾರಿ ತಪ್ಪಿಸಲು ಕರ್ನೆಲ್ ಪ್ರತಿ ಬಾರಿ ಯಂತ್ರ ಚಾಲೂ ಆದಾಗಲೂ ಬೇರೆ ಬೇರೆ ವಿಳಾಸದಲ್ಲಿ ಕೂರುವ ವ್ಯವಸ್ಥೆ ಲಿನಕ್ಸ್‌ನಲ್ಲಿ 2014ರಿಂದ ಇದೆ. ಒಂದೇ ಒಂದು ಒಳ ವಿಳಾಸ ಸೋರಿದರೆ ಈ ಕಣ್ಣುಮುಚ್ಚಾಲೆ ಅಲ್ಲಿಗೆ ಮುಗಿಯಿತು. 64 ಬಿಟ್ ಯಂತ್ರದ ವಿಳಾಸಕ್ಕೆ ಬೇಕಾಗಿರುವುದೂ 8 ಬೈಟುಗಳೇ.

ಎರಡನೆಯ ಅಪಾಯ ಇನ್ನೂ ದೊಡ್ಡದು. ಕರ್ನೆಲ್ ತಾನೇ ಆ ಹಳೆಯ ಕಸವನ್ನು ವಿಳಾಸವೆಂದು ನಂಬಿ ಅತ್ತ ನೆಗೆಯಬಹುದು. ಕಸದಲ್ಲಿ ಏನಿರುತ್ತದೆ ಎಂಬುದು ಕೇವಲ ಆಕಸ್ಮಿಕ, ಆದ್ದರಿಂದ ಇದು ಗಂಭೀರವಲ್ಲ ಎಂಬ ಭಾವನೆ ಬಹುಕಾಲ ಇತ್ತು. ಕಾಂಗ್‌ಜಿ ಲು ಮತ್ತು ಸಂಗಡಿಗರು 2017ರಲ್ಲಿ ಮಂಡಿಸಿದ ಸಂಶೋಧನೆ ಅದನ್ನು ಅಲ್ಲಗಳೆಯಿತು. ಮೊದಲು ಆಯ್ದ ಕೆಲವು ಕರೆಗಳನ್ನು ಮಾಡಿ, ಕರ್ನೆಲ್‌ನ ಸ್ಟ್ಯಾಕ್‌ನಲ್ಲಿ ತನಗೆ ಬೇಕಾದ ಮೌಲ್ಯವನ್ನೇ ದಾಳಿಕೋರ ಬಿಟ್ಟುಬರಬಲ್ಲ ಎಂದು ಅವರು ಲಿನಕ್ಸ್‌ನಲ್ಲಿ ತೋರಿಸಿಕೊಟ್ಟರು.

ದೋಷದ ವ್ಯಾಪ್ತಿಯೂ ಅದೇ ಸುಮಾರಿಗೆ ಬೆಳಕಿಗೆ ಬಂತು. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಮಾಟೆಯುಷ್ ಯುರ್ಚಿಕ್ 2017 ಮತ್ತು 2018ರ ಆರಂಭದಲ್ಲಿ ವಿಂಡೋಸ್ ಕರ್ನೆಲ್‌ನಲ್ಲಿ ಇಂಥ 70ಕ್ಕೂ ಹೆಚ್ಚು ಸೋರಿಕೆಗಳನ್ನು ಪತ್ತೆ ಹಚ್ಚಿದರು. 2017ರಿಂದ 2018ರ ಮಧ್ಯಭಾಗದವರೆಗೆ ತಾನು ಪ್ರಕಟಿಸಿದ ಭದ್ರತಾ ದೋಷಗಳಲ್ಲಿ ಸುಮಾರು ಶೇ 5ರಿಂದ 10ರಷ್ಟು ಈ ಬಗೆಯವು ಎಂದು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡಿತು.

ಹುಡುಕುವ ಸಾಧನಗಳು

ಲಿನಕ್ಸ್‌ನಲ್ಲಿ 2009ರಲ್ಲೇ ಕೆಮೆಮ್‌ಚೆಕ್ ಎಂಬ ಸಾಧನ ಸೇರಿತ್ತು. ಆದರೆ ಅದು ಬಲು ನಿಧಾನಿ. 2018ರ ಜನವರಿಯಲ್ಲಿ ಬಂದ 4.15ನೇ ಆವೃತ್ತಿಯ ವೇಳೆಗೆ ಅದನ್ನು ಕೈಬಿಡಲಾಯಿತು. ಗೂಗಲ್‌ನ ಅಲೆಕ್ಸಾಂಡರ್ ಪೊಟಪೆಂಕೊ ಮುಂದಾಳತ್ವದಲ್ಲಿ ಸಿದ್ಧವಾದ ಕೆಎಂಸ್ಯಾನ್ 2022ರ ಡಿಸೆಂಬರ್‌ನಲ್ಲಿ 6.1ನೇ ಆವೃತ್ತಿಯೊಂದಿಗೆ ಬಂತು. ಮೆಮೊರಿಯ ಪ್ರತಿ ಬೈಟಿಗೂ ಬೆಲೆ ತುಂಬಿದೆಯೇ ಎಂಬ ಲೆಕ್ಕ, ತುಂಬದಿದ್ದರೆ ಅದು ಎಲ್ಲಿಂದ ಬಂತೆಂಬ ಲೆಕ್ಕ ಎರಡನ್ನೂ ಇದು ಇಡುತ್ತದೆ. ಆದ ಕಾರಣ ಮೆಮೊರಿ ಮೂರು ಪಟ್ಟು ಬೇಕು. ಪ್ರಯೋಗಾಲಯಕ್ಕೆ ಸೂಕ್ತ, ಜನರ ಫೋನಿಗಲ್ಲ.

ಎಲ್ಲಕ್ಕೂ ಸೊನ್ನೆ

ಹುಡುಕಿ ಮುಗಿಸಲಾಗದು ಎಂದು ಮನಗಂಡ ಮೇಲೆ ಉಳಿದದ್ದು ಒಂದೇ ದಾರಿ: ಸ್ಲೇಟನ್ನು ಕೊಡುವ ಮುನ್ನವೇ ಒರೆಸುವುದು. ಪ್ಯಾಕ್ಸ್ ಎಂಬ ಸ್ವತಂತ್ರ ಯೋಜನೆ ಈ ಹಾದಿಯನ್ನು ಬಹಳ ಮೊದಲೇ ತುಳಿದಿತ್ತು. ಅದರ ಸ್ಟ್ರಕ್ಟ್‌ಲೀಕ್ 2017ರಲ್ಲಿ, ಸ್ಟ್ಯಾಕ್‌ಲೀಕ್ 2018ರ ಡಿಸೆಂಬರ್‌ನಲ್ಲಿ ಮುಖ್ಯ ಲಿನಕ್ಸ್‌ಗೆ ಸೇರಿದವು. ಬಳಿಕ ಕಂಪೈಲರ್‌ಗಳೇ ಈ ಹೊಣೆ ಹೊತ್ತವು. ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಸ್ವಾರಸ್ಯಕರ ಜಗಳವೇ ನಡೆಯಿತು. ಎಲ್ಲ ಚರಾಂಶಗಳಿಗೂ ತಾನಾಗಿ ಸೊನ್ನೆ ತುಂಬಿದರೆ ಕ್ರಮವಿಧಿಕಾರರು ಅದನ್ನೇ ನೆಚ್ಚಿಕೊಂಡು ಸಿ ಭಾಷೆಯ ಹೊಸ ಉಪಭಾಷೆಯೊಂದು ಹುಟ್ಟೀತು ಎಂಬುದು ಕೆಲವರ ಆತಂಕ. ಹೀಗಾಗಿ ಸೊನ್ನೆ ಬೇಕೆನ್ನುವವರು, 'ಇದನ್ನು ಮುಂದೆ ತೆಗೆದುಹಾಕಲಾಗುವುದೆಂದು ತಿಳಿದೇ ಬಳಸುತ್ತಿದ್ದೇನೆ' ಎಂಬರ್ಥದ ಉದ್ದನೆಯ ಆಯ್ಕೆಯೊಂದನ್ನು ಜತೆಗೆ ಬರೆಯಬೇಕಿತ್ತು. ತೆಗೆದುಹಾಕಿದ್ದು ಕಡೆಗೆ ಆ ನಿರ್ಬಂಧವನ್ನೇ. ಜಿಸಿಸಿ ಕಂಪೈಲರ್ 2022ರಲ್ಲಿ ಬಂದ ತನ್ನ 12ನೇ ಆವೃತ್ತಿಯಲ್ಲಿ ಇದೇ ಸೌಲಭ್ಯ ಒದಗಿಸಿತು.

ಹೀಪ್ ಎಂಬ ದೊಡ್ಡ ಸಂಗ್ರಹಕ್ಕೆ ಬೇರೆ ಉಪಾಯ. 2019ರ 5.3ನೇ ಲಿನಕ್ಸ್ ಆವೃತ್ತಿ, ಮೆಮೊರಿಯನ್ನು ಕೊಡುವಾಗ ಅಥವಾ ಮರಳಿ ಪಡೆಯುವಾಗ ಸೊನ್ನೆ ತುಂಬುವ ಎರಡು ಆಯ್ಕೆಗಳನ್ನು ನೀಡಿತು. ಆಗ ನಡೆದ ಪರೀಕ್ಷೆಯಲ್ಲಿ, ಲಿನಕ್ಸ್ ಅನ್ನು ಕಂಪೈಲ್ ಮಾಡಲು ಹಿಡಿಯುವ ಸಮಯ ಮರಳಿ ಪಡೆಯುವಾಗ ಒರೆಸಿದರೆ ಶೇ 8ರಷ್ಟು ಹೆಚ್ಚಿತು. ಕೊಡುವಾಗ ಒರೆಸಿದರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಈಗಷ್ಟೇ ಒರೆಸಿದ ಜಾಗ ಪ್ರೊಸೆಸರ್‌ನ ಕ್ಯಾಶ್‌ನಲ್ಲೇ ಇದ್ದು, ಮುಂದಿನ ಕೆಲಸಕ್ಕೆ ಬೇಗ ಸಿಗುವುದು ಇದಕ್ಕೆ ಕಾರಣ.

ವಿಂಡೋಸ್ 10ರ 1903ನೇ ಆವೃತ್ತಿಯಲ್ಲಿ, ಅಂದರೆ 2019ರಲ್ಲಿ, ಇನಿಟ್ಆಲ್ ಎಂಬ ಹೆಸರಿನ ಇಂಥದೇ ರಕ್ಷಣೆ ಜಾರಿಗೆ ಬಂತು. 2020ರ ಆಂಡ್ರಾಯ್ಡ್ 11ರ ವೇಳೆಗೆ ಗೂಗಲ್ ಕೂಡ ಫೋನುಗಳಲ್ಲಿ ಈ ದಾರಿ ಹಿಡಿಯಿತು. ಅದಕ್ಕೂ ಹಿಂದಿನ ಫೋನುಗಳು ಹೊಸ ಆವೃತ್ತಿ ಸಿಗದೆ ಹಾಗೆಯೇ ಬಳಕೆಯಲ್ಲಿದ್ದರೆ ಅವಕ್ಕೆ ಈ ಒರೆಸುವಿಕೆಯ ಭರವಸೆ ಇಲ್ಲ.

ಸೊನ್ನೆಯೇನೂ ಸಂಜೀವಿನಿಯಲ್ಲ. ಲಿನಕ್ಸ್‌ನಲ್ಲಿ ಬಳಕೆದಾರ ಸಂಖ್ಯೆ 0 ಎಂದರೆ ಸರ್ವಾಧಿಕಾರವುಳ್ಳ ರೂಟ್. ಅನೇಕ ಫಂಕ್ಷನ್‌ಗಳು ಹಿಂದಿರುಗಿಸುವ 0ಗೆ 'ಯಶಸ್ವಿ' ಎಂದರ್ಥ. ಬೆಲೆ ಕೊಡಲು ಮರೆತ ಚರಾಂಶ ಇವುಗಳಲ್ಲೊಂದಾದರೆ ಸೊನ್ನೆಯೇ ಮೋಸ ಮಾಡಬಹುದು. ಚಾಲಕ ತಂತ್ರಾಂಶವೊಂದು ತನ್ನದೇ ಜಾಗವನ್ನು ಮತ್ತೆ ಮತ್ತೆ ಬಳಸಿಕೊಂಡರೆ ಅಲ್ಲಿಗೆ ಈ ರಕ್ಷಣೆ ತಲುಪುವುದೂ ಇಲ್ಲ. ಜತೆಗೆ, ಸೊನ್ನೆ ತುಂಬಿದರೆ ಮೂಲ ತಪ್ಪು ಅದರಡಿ ಮುಚ್ಚಿಹೋಗುತ್ತದೆ. ಕೆಎಂಸ್ಯಾನ್ ಪರೀಕ್ಷೆ ನಡೆಸುವಾಗ ಈ ರಕ್ಷಣೆಗಳನ್ನು ಆರಿಸಿಡುವುದು ಅದಕ್ಕಾಗಿಯೇ.

ಕೆಎಂಸ್ಯಾನ್ ಸೇರಿದ ಅದೇ 6.1ನೇ ಆವೃತ್ತಿಯಲ್ಲಿ ರಸ್ಟ್ ಭಾಷೆಗೂ ಲಿನಕ್ಸ್ ಬಾಗಿಲು ತೆರೆಯಿತು. ಬೆಲೆ ತುಂಬದ ಚರಾಂಶವನ್ನು ಓದಲು ಹೊರಟರೆ ರಸ್ಟ್ ಕಂಪೈಲರ್ ಆ ಸಂಕೇತವನ್ನು ಮುಂದಕ್ಕೇ ಬಿಡುವುದಿಲ್ಲ. ಆದರೆ ಲಿನಕ್ಸ್‌ನಲ್ಲಿರುವ ಮೂರು ಕೋಟಿಗೂ ಮಿಕ್ಕಿದ ಸಾಲುಗಳಲ್ಲಿ ಬಹುಪಾಲು ಇಂದಿಗೂ ಸಿ ಭಾಷೆಯಲ್ಲೇ ಇವೆ.