ಅರ್ಧ ಎಂಜಿನ್ನಿನ ಲೆಕ್ಕ

ಕಾಫಿ ತೋಟದ ಹಳೆಯ ಪೆಟ್ರೋಲ್ ಜೀಪು ಮಿಸ್ ಹೊಡೆಯತೊಡಗಿದರೆ ಮೂಡಿಗೆರೆಯ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾನೆ. ಯಾವ ವೈರು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ. ಮೂರೇ ಸಿಲಿಂಡರಿನಲ್ಲಿ ತೆವಳಿಕೊಂಡು ಬಂದ ಆ ಜೀಪು ಪೆಟ್ರೋಲ್ ಉಳಿಸಿರುವುದಿಲ್ಲ, ಇನ್ನೂ ಹೆಚ್ಚು ಕುಡಿದಿರುತ್ತದೆ. ಹಾಗಿದ್ದ ಮೇಲೆ ಕೆಲವು ಕಾರುಗಳು ಬೇಕೆಂದೇ ಸಿಲಿಂಡರ್ ನಿಲ್ಲಿಸಿ ಮೈಲೇಜ್ ಹೆಚ್ಚಿಸುವುದು ಹೇಗೆ?

ಗುಟ್ಟಿರುವುದು ವಾಲ್ವಿನಲ್ಲಿ. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ ಥ್ರಾಟಲ್ ಮುಕ್ಕಾಲು ಪಾಲು ಮುಚ್ಚಿಯೇ ಇರುತ್ತದೆ. ಆ ಕಿರುಗಂಡಿಯಿಂದ ಗಾಳಿ ಎಳೆದುಕೊಳ್ಳಲು ಪಿಸ್ಟನ್ನುಗಳು ಏದುಸಿರು ಬಿಡುತ್ತವೆ. ಪೆಟ್ರೋಲಿನ ಒಂದು ಪಾಲು ಈ ಎಳೆದಾಟಕ್ಕೇ ಹೋಗುತ್ತದೆ. ಜೀಪಿನ ಸತ್ತ ಸಿಲಿಂಡರ್ ಗಾಳಿಯನ್ನೂ ಪೆಟ್ರೋಲನ್ನೂ ಎಳೆದು, ಉರಿಸದೆ ಸೈಲೆನ್ಸರಿಗೆ ಕಳಿಸುತ್ತದೆ. ಬೇಕೆಂದು ನಿಲ್ಲಿಸಿದ ಸಿಲಿಂಡರಿಗೆ ಪೆಟ್ರೋಲೂ ಬರುವುದಿಲ್ಲ, ಅದರ ವಾಲ್ವುಗಳೂ ತೆರೆಯುವುದಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗಿ, ಕೊಟ್ಟ ಶಕ್ತಿಯನ್ನು ಬಹುಪಾಲು ಹಿಂದಿರುಗಿಸುತ್ತದೆ. ಉಳಿದ ಸಿಲಿಂಡರುಗಳು ಪೂರ್ತಿ ಭಾರ ಹೊರಬೇಕಾದ್ದರಿಂದ ಥ್ರಾಟಲ್ ಅಗಲವಾಗಿ ತೆರೆದುಕೊಳ್ಳುತ್ತದೆ, ಎಳೆದಾಟ ತಗ್ಗುತ್ತದೆ. ಉಳಿತಾಯ ಹುಟ್ಟುವುದು ಇಲ್ಲಿ.

ಯೋಚನೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ, ವೇಗ ಸಾಕೆನಿಸಿದಾಗ ಉರಿಯುವ ಸರದಿಯನ್ನು ತಪ್ಪಿಸುವ ಎಂಜಿನ್ನುಗಳು ಹೊಲಗಳಲ್ಲಿ ಓಡುತ್ತಿದ್ದವು. 1916ರಲ್ಲಿ ಅಮೆರಿಕದ ಎಂಗರ್ ಕಂಪನಿಯ ಹನ್ನೆರಡು ಸಿಲಿಂಡರಿನ ಕಾರನ್ನು ಚಾಲಕ ಆರರಲ್ಲೇ ಓಡಿಸಬಹುದಿತ್ತು. ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ ಅದು ಯಾರಿಗೂ ಬೇಕಾಗಲಿಲ್ಲ.

1973ರ ತೈಲ ಬಿಕ್ಕಟ್ಟು ಎಲ್ಲರ ಕಣ್ಣು ತೆರೆಸಿತು. 1981ರಲ್ಲಿ ಕ್ಯಾಡಿಲಾಕ್ ಎಂಟರಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ ಇಳಿಯುವ ಎಂಜಿನ್ ತಂದಿತು. ವಾಲ್ವು ಮುಚ್ಚುವ ಈಟನ್ ಕಂಪನಿಯ ಏರ್ಪಾಡು ಜಾಣತನದ್ದೇ; ಆದರೆ ಅಂದಿನ ಕಂಪ್ಯೂಟರಿಗೆ ಕಾಲಿನ ಒತ್ತಡದ ಏರಿಳಿತವನ್ನು ಹಿಂಬಾಲಿಸಲಾಗಲಿಲ್ಲ. ಕಾರು ಜಗ್ಗುತ್ತಿತ್ತು. ಎಷ್ಟೋ ಮಾಲೀಕರು ಆ ಏರ್ಪಾಡಿನ ಸಂಪರ್ಕವನ್ನೇ ಕತ್ತರಿಸಿಹಾಕಿಸಿದರು. ಸೋತದ್ದು ತತ್ವವಲ್ಲ, ಅದನ್ನು ನಡೆಸಬೇಕಾದ ಮಿದುಳು ಎಂದೇ ನನ್ನ ನಂಬಿಕೆ. ಮರುವರ್ಷ ಮಿತ್ಸುಬಿಷಿ ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ನಿನಲ್ಲಿ ಇದನ್ನೇ ಮಾಡಿತು, ಅದೂ ಹೆಚ್ಚು ಹರಡಲಿಲ್ಲ. ಕಂಪ್ಯೂಟರು ಚುರುಕಾದ ಮೇಲೆ ಮರ್ಸಿಡಿಸ್, ಹೋಂಡಾ, ಕ್ರೈಸ್ಲರ್, ಜನರಲ್ ಮೋಟರ್ಸ್ ಒಂದರ ಹಿಂದೊಂದು ಬಂದವು, ಎಲ್ಲವೂ ದೊಡ್ಡ ಎಂಜಿನ್ನುಗಳೊಂದಿಗೆ.

ನಮಗೆ ಹತ್ತಿರದ ಕಥೆ ಆರಂಭವಾಗುವುದು 2012ರಲ್ಲಿ, ಫೋಕ್ಸ್‌ವ್ಯಾಗನ್ನಿನ 1.4 ಲೀಟರ್ ಎಂಜಿನ್ನಿನಿಂದ. ಅದರ ಕ್ಯಾಮ್‌ಶಾಫ್ಟಿನ ಮೇಲೆ ಸುರುಳಿ ತೋಡು ಕೊರೆದ ಕೊಳವೆಗಳಿವೆ. ವಿದ್ಯುತ್ತಿನಿಂದ ಚಿಮ್ಮುವ ಒಂದು ಮೊಳೆ ಆ ತೋಡಿಗೆ ಇಳಿದರೆ ಕೊಳವೆ ಪಕ್ಕಕ್ಕೆ ಸರಿಯುತ್ತದೆ. ವಾಲ್ವನ್ನು ಒತ್ತುವ ಉಬ್ಬಿದ್ದ ಜಾಗಕ್ಕೆ ಉಬ್ಬಿಲ್ಲದ ಬಳೆ ಬರುತ್ತದೆ, ವಾಲ್ವು ಮಲಗುತ್ತದೆ. ಇಷ್ಟಕ್ಕೆ ಬೇಕಾದ ಸಮಯ 13ರಿಂದ 36 ಮಿಲಿಸೆಕೆಂಡು. ಉರಿಯುವ ಸರದಿ 1-3-4-2 ಆದ್ದರಿಂದ 2 ಮತ್ತು 3ನ್ನು ಮಲಗಿಸಿದರೆ ಉಳಿದೆರಡು ಸಮ ಅಂತರದಲ್ಲೇ ಹೊಡೆಯುತ್ತವೆ. ಯುರೋಪಿನ ಪರೀಕ್ಷೆಯಲ್ಲಿ ಕಂಪನಿ ಹೇಳಿದ ಉಳಿತಾಯ 100 ಕಿಲೋಮೀಟರಿಗೆ 0.4 ಲೀಟರ್. ಇದೇ ವಂಶದ 1.5 ಲೀಟರ್ ಎಂಜಿನ್ 2021ರಲ್ಲಿ ಕುಶಾಕ್, ಟೈಗನ್ ಕಾರುಗಳೊಂದಿಗೆ ನಮ್ಮ ರಸ್ತೆಗಿಳಿಯಿತು.

ಅಮೆರಿಕದಲ್ಲಿ ಈ ಕಲೆ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಟೂಲಾ ಕಂಪನಿಯ ತಂತ್ರ ಬಳಸಿದ 2019ರ ಸಿಲ್ವರಾಡೋ ಟ್ರಕ್ಕಿನ ಎಂಜಿನ್ 17 ಬಗೆಯ ಸರದಿಗಳಲ್ಲಿ ಯಾವುದನ್ನಾದರೂ ಹಿಡಿಯಬಲ್ಲದು. ಹೆಚ್ಚುಕಡಿಮೆ ಪ್ರತಿ ಸುತ್ತಿಗೂ ಯಾರು ದುಡಿಯಬೇಕೆಂದು ಹೊಸದಾಗಿ ತೀರ್ಮಾನ.

ಮಲೆನಾಡಿಗೆ ಸಿಲಿಂಡರ್ ಮಲಗಿಸುವುದರಿಂದ ಎಷ್ಟು ಲಾಭ? ಮೂಡಿಗೆರೆಯಿಂದ ಹಾಸನದತ್ತ ಒಂದೇ ಹದದಲ್ಲಿ ಓಡಿಸುವವರಿಗೆ ಖಂಡಿತ ಇದೆ. ಕಳಸದ ತಿರುವುಗಳಲ್ಲಿ, ಚಾರ್ಮಾಡಿ ಘಾಟಿಯ ಏರಿನಲ್ಲಿ ಮಲಗಿದ ಸಿಲಿಂಡರುಗಳು ಎದ್ದೇ ಇರಬೇಕು. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವವರು ಈಗಲೂ ಇದ್ದಾರೆ. ದಯವಿಟ್ಟು ಹಾಕಬೇಡಿ. ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಕುಡಿಯುತ್ತಲೇ ಇರುತ್ತದೆ, ಬ್ರೇಕು ಒಂಟಿಯಾಗಿ ಕಾಯುತ್ತಿರುತ್ತದೆ.